ಮೊದಲ ಡಿಎಸ್‌ಎಲ್‌ಆರ್: ದುಡ್ಡು ಕಡಿಮೆ, ಗೊಂದಲ ಜಾಸ್ತಿ

ಹೊಸಕಣ್ಣು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ಕೇಳದೆ ಬೇರೆ ದಾರಿಯಿಲ್ಲ.

ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ತೆಗೆದುಕೊಳ್ಳಬೇಕು ಅಂತಿದ್ದೇನೆ. ನನ್ನ ಹತ್ತಿರ ಇರುವ ದುಡ್ಡಿಗೆ ಎಲ್ಲಕ್ಕಿಂತ ಕೆಳಗಿನ ಮಾಡೆಲ್ಲಿನ ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಜೊತೆಗೆ ಅದರೊಂದಿಗೇ ಕೊಡುವ 18-55 ಎಂಎಂ ಕಿಟ್ ಲೆನ್ಸ್, ಅಷ್ಟೇ ಬರುತ್ತದೆ. ಅದರ ಮೇಲೆ ಒಂದು ಕಾಸೂ ಹಾಕುವ ಹಾಗಿಲ್ಲ.

ತೆಗೆಯಬೇಕಾದದ್ದು ಮುಖ್ಯವಾಗಿ ನನ್ನ ಮೂರು ವರ್ಷದ ಮಗಳನ್ನು. ಒಂದು ಕಡೆ ನಿಲ್ಲುವ ಪೈಕಿ ಅಲ್ಲ. ಅದೂ ನನಗೆ ಬಿಡುವು ಸಿಗುವುದು ಸಂಜೆ ಮೇಲೆ, ಮನೆಯ ಲೈಟಿನಲ್ಲಿ. ಎರಡನೆಯದು, ಕಿಟಕಿಯಾಚೆಯ ಮರಕ್ಕೆ ಬರುವ ಹಕ್ಕಿಗಳು. ಸಾಧ್ಯವಾದರೆ ವಿಡಿಯೋ ಕೂಡ.

ಕ್ಯಾನನ್ 1500ಡಿ, ನಿಕಾನ್ ಡಿ3500 ನೋಡಿಟ್ಟಿದ್ದೇನೆ. ಅಂಗಡಿಯವರು ಎರಡು ಲೆನ್ಸ್ ಇರುವ ಬಂಡಲ್ ತಗೊಳ್ಳಿ ಅನ್ನುತ್ತಾರೆ. ಪರಿಚಯದವರೊಬ್ಬರು ಹಳೇ ನಿಕಾನ್ ಡಿ7000 ಬಾಡಿ ಕೊಡುತ್ತೇನೆ ಅಂದಿದ್ದಾರೆ, ಹೊಸದರ ಅರ್ಧ ಬೆಲೆಗೂ ಕಡಿಮೆ. ಏನು ಮಾಡಲಿ?

ಫೋನೇಸಾಕು:

ಮೇಡಂ, ಮೊದಲು ಒಂದು ಪ್ರಶ್ನೆ. ನಿಮ್ಮ ಫೋನು ಏನು ಕಡಿಮೆ ಮಾಡಿದೆ? ಹಗಲು ಬೆಳಕಿನಲ್ಲಿ ಇವತ್ತಿನ ಫೋನಿನ ಫೋಟೋ ಪಕ್ಕ ಕಿಟ್ ಲೆನ್ಸಿನ ಫೋಟೋ ಇಟ್ಟರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಬ್ಯಾಗು, ಕಾರ್ಡು, ಬ್ಯಾಟರಿ, ಲೆನ್ಸು ಅಂತ ಶುರುವಾದರೆ ಇದು ನಿಲ್ಲುವ ಖರ್ಚಲ್ಲ. ತಪ್ಪು ತಿಳಿಯಬೇಡಿ, ಎಷ್ಟೋ ಜನರ ಕ್ಯಾಮೆರಾ ಬೀರುವಿನಲ್ಲಿ ಕೂತಿರುವುದನ್ನು ನೋಡಿದ್ದೇನೆ.

ಹೊಸಕಣ್ಣು:

ಹಗಲಿನಲ್ಲಿ ಫೋನು ಚೆನ್ನಾಗಿದೆ ಸರ್, ತಕರಾರಿಲ್ಲ. ಸಂಜೆ ಮಗಳು ಓಡಾಡುವಾಗ ಮಾತ್ರ ಗೋಡೆ, ಸೋಫಾ ಎಲ್ಲ ಸ್ಪಷ್ಟ, ಅವಳ ಮುಖ ಮಾತ್ರ ಬಳಿದ ಬಣ್ಣದ ಹಾಗೆ.

ಮೂವತ್ತೈದು:

ಅಲ್ಲೇ ಉತ್ತರ ಇದೆ. ಕತ್ತಲಲ್ಲಿ ಫೋನು ಒಂದು ಫೋಟೋ ತೆಗೆಯುವುದಿಲ್ಲ. ಬೇಗ ಬೇಗ ಹಲವು ಫ್ರೇಮ್ ಹಿಡಿದು ಒಂದರ ಮೇಲೊಂದು ಕೂಡಿಸುತ್ತದೆ. ಸೋಫಾ ಅಲ್ಲಾಡುವುದಿಲ್ಲ, ಚೆನ್ನಾಗಿ ಬರುತ್ತದೆ. ಮಗು ಅಲ್ಲಾಡುತ್ತದೆ, ಕೆಡುತ್ತದೆ. ಹಾಗಾಗಿ ಇವರಿಗೆ ಕ್ಯಾಮೆರಾ ಬೇಕಿರುವುದು ನಿಜ.

ಆದರೆ ಕ್ಯಾಮೆರಾ ಕೊಂಡು ಕಿಟ್ ಲೆನ್ಸ್ ಒಂದನ್ನೇ ಹಾಕಿದರೆ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಲೆಕ್ಕ ನೋಡಿ. ಸಂಜೆ ಮನೆಯ ಲೈಟಿನಲ್ಲಿ, 18-55ರ ಉದ್ದನೆಯ ತುದಿಯಲ್ಲಿ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ದೊಡ್ಡದು) ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಶಟರ್ 1/125 ಸೆಕೆಂಡಿಗೆ ಇಟ್ಟರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿದಷ್ಟೂ ಫೋಟೋ ಕಾಳುಕಾಳು) 6400ರ ಹತ್ತಿರ ಹೋಗುತ್ತದೆ. ಓಡುವ ಮಗುವಿಗೆ 1/125 ಕೂಡ ಸಾಲದು. ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಇದ್ದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 640ಕ್ಕೆ ಇಳಿಯುತ್ತದೆ. ಇಲ್ಲವೇ 1280ಕ್ಕೆ ಇಟ್ಟು ಶಟರ್ 1/250 ಮಾಡಿಕೊಳ್ಳಬಹುದು.

ಯಾವ ಬಾಡಿ ಬದಲಾಯಿಸಿದರೂ ಹತ್ತು ಪಟ್ಟು ಸಿಗುವುದಿಲ್ಲ. ಇದ್ದ ದುಡ್ಡನ್ನೆಲ್ಲ ಬಾಡಿಯ ಮೇಲೆ ಸುರಿದು ಲೆನ್ಸಿಗೆ ಬಂದಾಗ ಕೈ ಖಾಲಿ ಮಾಡಿಕೊಳ್ಳಬೇಡಿ. ಆ ಹಳೇ ಬಾಡಿಯ ಮಾತು ಬಂದಿದೆಯಲ್ಲ, ಅದನ್ನು ಸುಮ್ನೆ ತಳ್ಳಿಹಾಕಬೇಡಿ ಅಂತ ನಾನು ಹೇಳುವುದು.

ಕನ್ನಡಿಬೇಡ:

ಎಲ್ಲರೂ ಡಿಎಸ್‌ಎಲ್‌ಆರ್ ಅನ್ನುವುದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದೀರಲ್ಲ! ಕ್ಯಾನನ್, ನಿಕಾನ್ ಎರಡೂ 2020ರ ನಂತರ ಒಂದೇ ಒಂದು ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಸೋನಿ 2021ರಲ್ಲೇ ಎ ಮೌಂಟಿನ (ಮೌಂಟ್ ಅಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ಬಾಡಿಗಳಿಗೆ ಕೈ ಮುಗಿಯಿತು. ಪೆಂಟಾಕ್ಸ್ ಒಬ್ಬರು ಹಟ ಹಿಡಿದು ಕೂತಿದ್ದಾರೆ. ಡಿ3500 ಬಂದದ್ದು 2018ರಲ್ಲಿ, ಈಗ ತಯಾರಾಗುತ್ತಿಲ್ಲ. 1500ಡಿ ಕೂಡ 2018ರದ್ದೇ. ಈಗ ಕಾಲಿಡುವವರು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೇ ಹೋಗಬೇಕು. ಕಣ್ಣನ್ನೇ ಹುಡುಕಿ ಫೋಕಸ್ ಮಾಡುತ್ತದೆ, ವಿಡಿಯೋ ಚೆನ್ನಾಗಿದೆ, ವ್ಯೂಫೈಂಡರಿನಲ್ಲಿ ಏನು ಕಾಣುತ್ತದೋ ಫೋಟೋದಲ್ಲೂ ಅದೇ.

ಹಳೇಬಾಡಿ:

ಕನ್ನಡಿಬೇಡ ಅವರೇ, ನೀವು ಹೇಳಿದ್ದು ಅಷ್ಟೂ ನಿಜ. ನಿಜವಾಗಿರುವುದರಿಂದಲೇ ಹಳೇ ಡಿಎಸ್‌ಎಲ್‌ಆರ್ ಇಷ್ಟು ಅಗ್ಗ ಆಗಿರುವುದು. ಎಲ್ಲರೂ ಮಿರರ್‌ಲೆಸ್‌ಗೆ ಹೋಗುವ ಭರದಲ್ಲಿ ಒಳ್ಳೊಳ್ಳೆ ಬಾಡಿ, ಲೆನ್ಸ್ ಮಾರುತ್ತಿದ್ದಾರೆ. ದುಡ್ಡು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೇ ಕಾಲ ಬೇಕಾ?

ಈ ಮೇಡಂ ಹೇಳಿದ ಬಜೆಟ್ಟಿಗೆ ಮಿರರ್‌ಲೆಸ್ ಬಾಡಿ ಬಂದರೂ ಅದಕ್ಕೆ ಎಫ್ 1.8 ಲೆನ್ಸ್ ಬರುವುದಿಲ್ಲ. ಹೆಸರಿಗೆ ಹೊಸ ಕಾಲದ ಕ್ಯಾಮೆರಾ, ಮೂತಿಗೆ ಮತ್ತದೇ ಕಿಟ್ ಲೆನ್ಸ್. ಇನ್ನು ಲೆನ್ಸಿಗೆ ಹಾಕಿದ ದುಡ್ಡು ನೀರಿಗೆ ಹೋಗುತ್ತದೆ ಅನ್ನುವ ಭಯವೂ ಬೇಡ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅವರ ಆರ್‌ಎಫ್ ಮಿರರ್‌ಲೆಸ್ ಬಾಡಿಗಳ ಮೇಲೆ ಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್ ಎಎಫ್-ಎಸ್ (ಫೋಕಸ್ ಮೋಟರ್ ಒಳಗೇ ಇರುವ) ಲೆನ್ಸುಗಳು ಎಫ್‌ಟಿಜಡ್ ಅಡಾಪ್ಟರಿನಲ್ಲಿ ಝಡ್ ಮಿರರ್‌ಲೆಸ್ ಬಾಡಿಗಳ ಮೇಲೆ ಹಾಗೇ.

ಕನ್ನಡಿಬೇಡ:

ಅಡಾಪ್ಟರಿಗೂ ದುಡ್ಡು ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ 🙂 ಆಯ್ತು, ಬಜೆಟ್ ಅಷ್ಟೇ ಅಂದಮೇಲೆ ನಾನು ಹಟ ಮಾಡುವುದಿಲ್ಲ. ಆದರೆ ವಿಡಿಯೋ ಬೇಕು ಅಂದಿದ್ದಾರೆ, ಅದನ್ನು ಮರೆಯಬೇಡಿ.

ಇಎಫ್‌ಮನೆ:

ವಿಡಿಯೋ ಅಂದರೆ ನಾನು ಬರಲೇಬೇಕು. 1500ಡಿ ಬೇಡ. ಅದರಲ್ಲಿ ಮೈಕ್ ಹಾಕಲು ಜಾಗವೇ ಇಲ್ಲ, ಲೈವ್ ವ್ಯೂ, ಅಂದರೆ ಸ್ಕ್ರೀನ್ ನೋಡಿ ತೆಗೆಯುವಾಗಿನ ಫೋಕಸ್ ನಿಧಾನ. ಡಿ3500ರಲ್ಲೂ ಮೈಕ್ ಜಾಕ್ ಇಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಹುಡುಕಿ. 2017ರ ಮಾಡೆಲ್, 24 ಮೆಗಾಪಿಕ್ಸೆಲ್, ಮೈಕ್ ಜಾಕ್ ಇದೆ, ಸ್ಕ್ರೀನ್ ತಿರುಗುತ್ತದೆ. ಮುಖ್ಯವಾಗಿ ಡ್ಯುಯಲ್ ಪಿಕ್ಸೆಲ್ ಫೋಕಸ್ ಇದೆ. ಸ್ಕ್ರೀನಿನ ಮೇಲೆ ಮಗುವಿನ ಮುಖ ಮುಟ್ಟಿದರೆ ಸಾಕು, ಫೋಕಸ್ ಅದರ ಬೆನ್ನು ಹತ್ತಿ ಹೋಗುತ್ತದೆ.

ಇನ್ನೊಂದು ಮಾತು. ಕ್ಯಾನನ್‌ನಲ್ಲಿ ತಲೆನೋವು ಕಡಿಮೆ. 1987ರಲ್ಲಿ ಇಎಫ್ ಮೌಂಟ್ ಬಂದಾಗಿನಿಂದ ಫೋಕಸ್ ಮೋಟರ್ ಲೆನ್ಸಿನೊಳಗೇ ಇದೆ. ನಿಕಾನ್‌ನಲ್ಲಿ ಯಾವ ಲೆನ್ಸಿಗೆ ಮೋಟರ್ ಇದೆ, ಯಾವ ಬಾಡಿಯಲ್ಲಿ ಇದೆ ಅಂತ ಪಟ್ಟಿ ಹಿಡಿದು ಕೂರಬೇಕು.

3000ಡಿ ಅಂತೂ ಯಾರು ಪುಕ್ಕಟೆ ಕೊಟ್ಟರೂ ಎರಡು ಸಲ ಯೋಚಿಸಿ. ಲೆನ್ಸ್ ಮೌಂಟೇ ಪ್ಲಾಸ್ಟಿಕ್. ಕನ್ನಡಕ ಹಾಕುವವರಿಗೆ ವ್ಯೂಫೈಂಡರ್ ಹೊಂದಿಸಿಕೊಳ್ಳುವ ಚಕ್ರವನ್ನೂ ತೆಗೆದುಬಿಟ್ಟಿದ್ದಾರೆ.

ಹೊಸಕಣ್ಣು:

ಮೋಟರ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ? ಡಿ7000 ಅದರಲ್ಲಿ ಎಲ್ಲಿ ಬರುತ್ತದೆ?

ರಿಪೇರಿಬೆಂಚು:

ನಾನು ಹೇಳುತ್ತೇನೆ, ದಿನಾ ಇದೇ ಕೆಲಸ.

ನಿಕಾನ್‌ನ ಹಳೇ ಎಎಫ್, ಎಎಫ್-ಡಿ ಲೆನ್ಸುಗಳಿಗೆ ಸ್ವಂತ ಮೋಟರ್ ಇಲ್ಲ. ಬಾಡಿಯ ಮೌಂಟಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಒಂದು ಸಣ್ಣ ಕಡ್ಡಿ ಹೊರಗೆ ಚಾಚಿರುತ್ತದೆ. ಅದು ಲೆನ್ಸಿನ ಹಿಂದಿರುವ ಸೀಳಿನಲ್ಲಿ ಕೂತು ತಿರುಗಿಸುತ್ತದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಕಡ್ಡಿಯೇ ಇಲ್ಲ. ಡಿ3500ಗೆ 50 ಎಫ್ 1.8ಡಿ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ತಂದು ನನ್ನ ಹತ್ತಿರ ರಿಪೇರಿಗೆ ಬರುವವರು ಇದ್ದಾರೆ. ಲೆನ್ಸೂ ಸರಿ, ಬಾಡಿಯೂ ಸರಿ, ರಿಪೇರಿ ಏನು ಮಾಡಲಿ?

ಡಿ7000ದಲ್ಲಿ ಆ ಮೋಟರ್ ಇದೆ. ಎಎಫ್-ಡಿ, ಎಎಫ್-ಎಸ್ ಎರಡೂ ನಡೆಯುತ್ತವೆ. 2010ರ ಬಾಡಿ, 16 ಮೆಗಾಪಿಕ್ಸೆಲ್, 39 ಫೋಕಸ್ ಪಾಯಿಂಟ್, ಎರಡು ಕಾರ್ಡ್ ಸ್ಲಾಟ್, ಹಿಂದೊಂದು ಮುಂದೊಂದು ಡಯಲ್. ವ್ಯೂಫೈಂಡರಿನಲ್ಲಿ ಫ್ರೇಮ್ ಪೂರ್ತಿ ಕಾಣುತ್ತದೆ, ಡಿ3500ರಲ್ಲಿ 95 ಶೇಕಡಾ ಮಾತ್ರ. ಫೋಕಸ್ ಪಾಯಿಂಟ್ ಡಿ3500ರಲ್ಲಿ 11, 1500ಡಿಯಲ್ಲಿ 9.

16 ಮೆಗಾಪಿಕ್ಸೆಲ್ ಸಾಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಬರುವ ಮೊದಲೇ ಹೇಳಿಬಿಡುತ್ತೇನೆ. ಎ4 ಕಾಗದಕ್ಕೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಪ್ರಿಂಟ್ ಹಾಕಲು 9 ಮೆಗಾಪಿಕ್ಸೆಲ್ ಕೂಡ ಬೇಕಿಲ್ಲ.

ಡಿ3500 ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ತೂಕ ಕಡಿಮೆ, ಸೆನ್ಸರ್ ಹೊಸದು, ಹೆಚ್ಚಿನ ಐಎಸ್‌ಒನಲ್ಲಿ ಗ್ರೇನ್ ಸ್ವಲ್ಪ ಕಡಿಮೆ. ಬ್ಯಾಟರಿ ಒಂದು ಚಾರ್ಜಿಗೆ 1550 ಫೋಟೋ ಅಂತ ಕಂಪನಿಯ ಲೆಕ್ಕ, 1500ಡಿಗೆ 500.

ಗೂಡುಗಾವಲು:

ಹಕ್ಕಿ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅದಕ್ಕೇ ಬಂದೆ.

ಮೇಡಂ, 18-55ರಲ್ಲಿ ಹಕ್ಕಿ ಆಗುವುದಿಲ್ಲ. ಗುಬ್ಬಿ ಗಾತ್ರದ ಹಕ್ಕಿ ಹತ್ತು ಮೀಟರ್ ದೂರದಲ್ಲಿ ಕೂತಿದೆ ಅಂದುಕೊಳ್ಳಿ. ಡಿ7000ದ ಫೋಟೋ ಅಡ್ಡಗಲ 4928 ಪಿಕ್ಸೆಲ್. 55 ಎಂಎಂನಲ್ಲಿ ತೆಗೆದರೆ ಅದರಲ್ಲಿ ಹಕ್ಕಿ ಇರುವುದು ಸುಮಾರು 170 ಪಿಕ್ಸೆಲ್. ಹಕ್ಕಿ ಇತ್ತು ಅನ್ನುವುದಕ್ಕೆ ಸಾಕ್ಷಿ ಅಷ್ಟೇ! 300 ಎಂಎಂನಲ್ಲಿ 940ರ ಸುಮಾರು ಆಗುತ್ತದೆ. ಐದು ಮೀಟರಿಗೆ ಬಂದರೆ ಅದರ ದುಪ್ಪಟ್ಟು. ಹಾಗಾಗಿ ಲೆನ್ಸಿನಷ್ಟೇ ಮುಖ್ಯ ಹತ್ತಿರ ಹೋಗುವುದು. ಕಿಟಕಿಯ ಪರದೆ ಎಳೆದು ಸಣ್ಣ ಸಂದಿಯಲ್ಲಿ ಲೆನ್ಸ್ ಇಟ್ಟು ಕೂತರೆ ಹಕ್ಕಿಗಳಿಗೆ ಬೇಗ ಒಗ್ಗಿಹೋಗುತ್ತದೆ. ಕಿಟಕಿಯ ಗಾಜು ಮಾತ್ರ ತೆರೆದಿರಲಿ. ಗಾಜಿನ ಮೂಲಕ 300 ಎಂಎಂನಲ್ಲಿ ತೆಗೆದರೆ ಫೋಕಸ್ ಸರಿಯಿದ್ದರೂ ಫೋಟೋ ಮಂಕು.

ಲೆನ್ಸು ಬೇಕು ಅಂದರೆ ನಿಕಾನ್ ಎಎಫ್-ಪಿ 70-300 ನೋಡಿ. ಹಗುರ, ಬೆಲೆ ಕಡಿಮೆ, ಫೋಕಸ್ ಸದ್ದೇ ಇಲ್ಲ.

ರಿಪೇರಿಬೆಂಚು:

ತಡೆಯಿರಿ! ಡಿ7000 ತೆಗೆದುಕೊಂಡರೆ ಎಎಫ್-ಪಿ ಮುಟ್ಟಲೇಬೇಡಿ. ಎಎಫ್-ಪಿ ಲೆನ್ಸಿನ ಮೋಟರಿಗೆ ಹೊಸ ಬಾಡಿಯ ಎಲೆಕ್ಟ್ರಾನಿಕ್ಸ್ ಬೇಕು. ಡಿ7000, ಡಿ90, ಡಿ3200, ಡಿ5100 ಇವುಗಳ ಮೇಲೆ ಅದು ಫೋಕಸ್ ಆಗುವುದೇ ಇಲ್ಲ, ಕೈಯಲ್ಲೂ ಆಗುವುದಿಲ್ಲ. ಕೈಯಲ್ಲಿ ತಿರುಗಿಸುವ ರಿಂಗು ಕೂಡ ಮೋಟರಿಗೆ ಸುದ್ದಿ ಕಳಿಸುವುದಷ್ಟೇ, ಗಾಜನ್ನು ನೇರ ತಳ್ಳುವುದಿಲ್ಲ. ಡಿ3300, ಡಿ5300ಗೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ನಡೆಯುತ್ತದೆ. ಡಿ7000ಕ್ಕೆ ಎಎಫ್-ಎಸ್ 55-300 ವಿಆರ್ ಅಥವಾ ಎಎಫ್-ಎಸ್ 70-300 ವಿಆರ್ ಸರಿಹೋಗುತ್ತದೆ. ವಿಆರ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಕ್ಯಾನನ್‌ನಲ್ಲಿ ಅದಕ್ಕೇ ಐಎಸ್ ಅನ್ನುತ್ತಾರೆ.

ಮೂವತ್ತೈದು:

ಆ ಬಂಡಲ್ ಬಗ್ಗೆಯೂ ಹೇಳಿಬಿಡಿ. ಅಂಗಡಿಯವರು ಎರಡು ಲೆನ್ಸ್ ಅಂತ ತೋರಿಸುವುದು ಯಾವುದು ಅಂತ ಡಬ್ಬದ ಮೇಲೆ ಓದಿ. ಡಿ3500 ಜೊತೆಗೆ ಬರುತ್ತಿದ್ದ 70-300ರಲ್ಲಿ ಎಷ್ಟೋ ಕಡೆ ವಿಆರ್ ಇಲ್ಲದ್ದನ್ನು ಇಟ್ಟಿರುತ್ತಾರೆ. ಕ್ಯಾನನ್ ಕಡೆ 75-300 ಮಾರ್ಕ್ 3 ಇದ್ದರೆ ಅದಕ್ಕೂ ಐಎಸ್ ಇಲ್ಲ, 300ರ ತುದಿಯಲ್ಲಿ ಫೋಟೋ ಮೆತ್ತಗೆ ಬರುತ್ತದೆ. ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲದೆ 300 ಎಂಎಂ ಹಿಡಿಯಲು ಶಟರ್ ಕನಿಷ್ಠ 1/450 ಇರಬೇಕು ಅನ್ನುವುದು ಹಳೇ ಲೆಕ್ಕ. ಮರದ ನೆರಳಿನಲ್ಲಿ ಎಫ್ 5.6ರಲ್ಲಿ ಅಷ್ಟು ಬೆಳಕು ಎಲ್ಲಿಂದ ತರುವುದು? ಕ್ಯಾನನ್‌ನಲ್ಲಿ 55-250 ಐಎಸ್ ಎಸ್‌ಟಿಎಂ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ಹೊಸಕಣ್ಣು:

ಸರಿ, ಯೋಚನೆ ಮಾಡಿದೆ. ವಿಡಿಯೋ ಫೋನಿನಲ್ಲೇ ತೆಗೆದುಕೊಳ್ಳುತ್ತೇನೆ, ಅದು ನನಗೆ ಅಷ್ಟು ಮುಖ್ಯ ಅಲ್ಲ. ಮಗಳ ಫೋಟೋ ಮೊದಲು. ಹಕ್ಕಿ ಲೆನ್ಸ್ ಮುಂದೆ ಕೈಯಲ್ಲಿ ದುಡ್ಡು ಆಡಿದಾಗ. ಹಾಗಾದರೆ ಡಿ7000 ಜೊತೆ 35 ಎಫ್ 1.8, ಅಥವಾ 50 ಎಫ್ 1.8? 50 ಹಳೆಯದು ಬಹಳ ಅಗ್ಗಕ್ಕೆ ಸಿಗುತ್ತಿದೆ.

ಇಎಫ್‌ಮನೆ:

ವಿಡಿಯೋ ಬಿಟ್ಟ ಮೇಲೆ ನನ್ನ 200ಡಿಯ ಅರ್ಧ ಬಲ ಹೋಯಿತು. ಆದರೂ ಹೇಳುತ್ತೇನೆ, ಕ್ಯಾನನ್ 50 ಎಫ್ 1.8 ಎಸ್‌ಟಿಎಂ ಬೆಲೆಗೆ ಅಷ್ಟು ಒಳ್ಳೇ ಲೆನ್ಸ್ ಇನ್ನೊಂದಿಲ್ಲ.

ಮೂವತ್ತೈದು:

ಲೆನ್ಸು ಒಳ್ಳೆಯದೇ. ಮನೆ ಎಷ್ಟು ದೊಡ್ಡದು ಅನ್ನುವುದು ಪ್ರಶ್ನೆ. ಈ ಬಾಡಿಗಳ ಸೆನ್ಸರ್ ಚಿಕ್ಕದು. ಕ್ಯಾನನ್‌ನಲ್ಲಿ 1.6, ನಿಕಾನ್‌ನಲ್ಲಿ 1.5 ಪಟ್ಟು ಹತ್ತಿರ ಎಳೆದ ಹಾಗೆ ಕಾಣುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದು ಮಗುವಿನ ತಲೆಯಿಂದ ಕಾಲಿನವರೆಗೆ ತೆಗೆಯಬೇಕು, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಫ್ರೇಮಿನ ಎತ್ತರ 1.2 ಮೀಟರ್ ಅಂತಿಟ್ಟುಕೊಳ್ಳಿ. ಕ್ಯಾನನ್‌ನಲ್ಲಿ 50 ಹಾಕಿದರೆ 2.7 ಮೀಟರ್ ಹಿಂದೆ ಹೋಗಬೇಕು. ನಿಕಾನ್‌ನಲ್ಲಿ 35 ಹಾಕಿದರೆ 1.8 ಮೀಟರ್ ಸಾಕು. ಮಗು ನಿಮ್ಮ ಕಡೆಗೇ ಓಡಿ ಬರುವಾಗ ಬೆನ್ನಿಗೆ ಗೋಡೆ ತಾಗಿದರೆ 50 ಇಟ್ಟುಕೊಂಡು ಏನು ಮಾಡುತ್ತೀರಿ? ಕ್ಯಾನನ್‌ನಲ್ಲಿ ಇದಕ್ಕೆ 24 ಎಫ್ 2.8 ಇದೆ, ಚಿಕ್ಕದು, ಚೆಂದದ ಲೆನ್ಸು, ಆದರೆ ಬೆಳಕು ಎಫ್ 1.8ರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ನಾನು ನಿಕಾನ್ ಡಿಎಕ್ಸ್ 35 ಎಫ್ 1.8 ಅನ್ನುವುದು. 2009ರಿಂದ ಇದೆ, ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತದೆ.

ಯಾರದ್ದಾದರೂ ಕಿಟ್ ಲೆನ್ಸ್ ಒಂದು ಸಂಜೆಗೆ ಕೈಗೆ ಸಿಕ್ಕರೆ ಒಂದು ಕೆಲಸ ಮಾಡಿ. ಜೂಮ್ ರಿಂಗನ್ನು 35ಕ್ಕೆ ಇಟ್ಟು, ಅಲ್ಲಾಡದ ಹಾಗೆ ಟೇಪ್ ಸುತ್ತಿ ಮಗಳ ಹಿಂದೆ ಓಡಾಡಿ. ಆಮೇಲೆ 50ಕ್ಕೆ ಇಡಿ. ಫೋಟೋ ಕೆಟ್ಟದ್ದು ಬರಲಿ, ಪರವಾಗಿಲ್ಲ. ಯಾವುದರಲ್ಲಿ ಉಸಿರು ಕಟ್ಟುತ್ತದೆ ಅಂತ ಗೊತ್ತಾಗುತ್ತದೆ.

ಹೊಸಕಣ್ಣು:

ಡಿ7000 ಕೊಡುವವರ ಹತ್ತಿರವೇ 18-55 ಇತ್ತು, ಇಸಕೊಂಡು ಬಂದು ನೋಡಿದೆ. 50ರಲ್ಲಿ ಬರೀ ಮೂಗು, ಕಿವಿ. 35ಕ್ಕೇ ನನ್ನ ಮತ. ಈಗ ಬಾಡಿ ಕೊಳ್ಳುವ ಮೊದಲು ಏನೇನು ನೋಡಬೇಕು? ಶಟರ್ ಕೌಂಟ್ ಅಂತ ಎಲ್ಲರೂ ಹೇಳುತ್ತಾರೆ.

ರಿಪೇರಿಬೆಂಚು:

ಶಟರ್ ಕೌಂಟ್, ಅಂದರೆ ಶಟರ್ ಎಷ್ಟು ಸಲ ತೆರೆದಿದೆ ಅನ್ನುವ ಲೆಕ್ಕ, ಗಾಡಿಯ ಕಿಲೋಮೀಟರ್ ಇದ್ದ ಹಾಗೆ. ನೋಡಬೇಕು, ಅದೊಂದನ್ನೇ ನಂಬಬಾರದು. ಡಿ7000ದ ಶಟರನ್ನು ಕಂಪನಿ 1,50,000 ಸಲಕ್ಕೆ ಪರೀಕ್ಷೆ ಮಾಡಿದೆ. ಅದಕ್ಕೂ ಮೊದಲೇ ಕೆಟ್ಟದ್ದು ಉಂಟು, ಅದರ ದುಪ್ಪಟ್ಟು ನಡೆದದ್ದೂ ಉಂಟು. ನಿಕಾನ್‌ನಲ್ಲಿ ಸಂಖ್ಯೆ ಫೋಟೋ ಫೈಲಿನ ಎಕ್ಸಿಫ್ ಮಾಹಿತಿಯಲ್ಲೇ ಇರುತ್ತದೆ. ಕ್ಯಾಮೆರಾದಿಂದ ನೇರ ತೆಗೆದ ಫೈಲ್ ಬೇಕು. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದ್ದರಲ್ಲಿ ಅದು ಉಳಿಯುವುದಿಲ್ಲ. ಕ್ಯಾನನ್‌ನ ಹೆಚ್ಚಿನ ಬಾಡಿಗಳು ಇದನ್ನು ಫೋಟೋದಲ್ಲಿ ಬರೆಯುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರಿನಲ್ಲೇ ನೋಡಬೇಕು.

ಅದಕ್ಕಿಂತ ಮುಖ್ಯ, ಶಟರ್ ಈಗ ಹೇಗಿದೆ ಅನ್ನುವುದು. ಖಾಲಿ ಬಿಳಿ ಗೋಡೆಗೆ ಒಳ್ಳೇ ಹಗಲು ಬೆಳಕಿನಲ್ಲಿ 1/4000, 1/8000ದಲ್ಲಿ ಕೆಲವು ಫೋಟೋ ತೆಗೆಯಿರಿ. ಸೋತ ಶಟರ್ ಮೊದಲು ತೋರಿಸಿಕೊಳ್ಳುವುದು ಇಲ್ಲೇ. ಫೋಟೋದ ಒಂದು ಅಂಚು ಕಪ್ಪಗೆ, ಅಥವಾ ಮೇಲಿಂದ ಕೆಳಗೆ ಬೆಳಕು ಏರುಪೇರು ಕಂಡರೆ ಬಾಡಿ ವಾಪಸ್ ಕೊಟ್ಟು ಬನ್ನಿ.

ಆಮೇಲೆ ಎಫ್ 16ಕ್ಕೆ ಇಟ್ಟು, ಫೋಕಸ್ ಬೇಕಂತಲೇ ಕೆಡಿಸಿ, ಅದೇ ಗೋಡೆ ತೆಗೆಯಿರಿ. ಸೆನ್ಸರಿನ ಮೇಲಿನ ಧೂಳು ಬೂದು ಚುಕ್ಕಿಯಾಗಿ ಕಾಣುತ್ತದೆ. ಧೂಳು ದೊಡ್ಡ ವಿಷಯವಲ್ಲ, ಗೀರು ದೊಡ್ಡ ವಿಷಯ. ಲೆನ್ಸ್ ಬಿಚ್ಚಿ ಮೌಂಟ್ ನೋಡಿ, ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಎರಡೂ ಸ್ಲಾಟಿಗೆ ಕಾರ್ಡ್ ಹಾಕಿ ನೋಡಿ. ಗ್ರಿಪ್ಪಿನ ರಬ್ಬರ್ ಎದ್ದಿದ್ದರೆ ಹೆದರಬೇಡಿ, ಈ ಬಾಡಿಗಳಲ್ಲಿ ಅದು ಮಾಮೂಲಿ, ಬೆಲೆ ಇಳಿಸಲು ಒಳ್ಳೇ ನೆಪ. ಪ್ರತಿ ಬಟನ್, ಪ್ರತಿ ಡಯಲ್ ತಿರುಗಿಸಿ.

ಲೆನ್ಸಿಗೆ ಟಾರ್ಚ್ ಬೇಕು. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಕಣ ಇದ್ದೇ ಇರುತ್ತದೆ, ಬಿಡಿ. ಜೇಡರ ಬಲೆಯ ಎಳೆಯಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್. ಎಷ್ಟು ಅಗ್ಗವಾದರೂ ಬೇಡ.

ಹಳೇಬಾಡಿ:

ಒಂದು ಸೇರಿಸುತ್ತೇನೆ. ಉಳಿಸಿದ ದುಡ್ಡಿನಲ್ಲಿ ಮೊದಲು ಒಂದು ಒಳ್ಳೇ ಮೆಮೊರಿ ಕಾರ್ಡ್. ನಕಲಿ ಕಾರ್ಡ್ ಬಹಳ ಇವೆ. 64 ಜಿಬಿ ಅಂತ ಬರೆದಿರುತ್ತದೆ, ಒಳಗೆ 8 ಇರುತ್ತದೆ. ತುಂಬಿದ ಮೇಲೂ ಕ್ಯಾಮೆರಾ ಬರೆಯುತ್ತಲೇ ಹೋಗುತ್ತದೆ, ಫೋಟೋ ಮಾತ್ರ ಇರುವುದಿಲ್ಲ. ಕೊಂಡ ದಿನವೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಲಿನಕ್ಸ್ ಅಥವಾ ಮ್ಯಾಕ್ ಆದರೆ ಎಫ್3. ಪೂರ್ತಿ ತುಂಬಿ, ಮತ್ತೆ ಓದಿ ನೋಡುತ್ತದೆ. ಎರಡೂ ಪುಕ್ಕಟೆ.

ಯುವಿ ಫಿಲ್ಟರ್, ಸಣ್ಣ ಪ್ಲಾಸ್ಟಿಕ್ ಟ್ರೈಪಾಡ್, ಕ್ಲೀನಿಂಗ್ ಕಿಟ್ ಅಂತ ಕಟ್ಟುತ್ತಾರೆ, ಬೇಡ ಅನ್ನಿ. ರಬ್ಬರಿನ ಗಾಳಿ ಪಂಪ್ ಒಂದು ಇರಲಿ. ಸಾಫ್ಟ್‌ವೇರಿಗೂ ಖರ್ಚಿಲ್ಲ. ನಿಕಾನ್‌ನದ್ದೇ ಎನ್‌ಎಕ್ಸ್ ಸ್ಟುಡಿಯೋ ಇದೆ, ಡಾರ್ಕ್‌ಟೇಬಲ್ ಇದೆ.

ಫೋನೇಸಾಕು:

ನೋಡಿ, ನಾನು ಹೇಳಿದ್ದೆ, ನಿಲ್ಲುವ ಖರ್ಚಲ್ಲ ಅಂತ.

ಹಳೇಬಾಡಿ:

ಕಾರ್ಡೂ ಪಂಪೂ ಸೇರಿ ನಿಮ್ಮ ಫೋನಿನ ಕವರಿನಷ್ಟು ಆಗಬಹುದು ಸರ್ 😄

ಹೊಸಕಣ್ಣು:

ತೆಗೆದುಕೊಂಡೆ! ಡಿ7000 ಬಾಡಿ, ಬೇರೊಬ್ಬರ ಹತ್ತಿರ ಡಿಎಕ್ಸ್ 35 ಎಫ್ 1.8. ಶಟರ್ ಪರೀಕ್ಷೆಯಲ್ಲಿ ಗೋಡೆ ಸಮವಾಗಿ ಬಂತು. ಗ್ರಿಪ್ ಎದ್ದಿತ್ತು, ಹೇಳಿದ ಹಾಗೆ ಚೌಕಾಸಿ ಮಾಡಿದೆ. ಕೊನೆಗೆ ಒಂದಿಷ್ಟು ದುಡ್ಡು ಉಳಿಯಿತು, ಹಕ್ಕಿ ಲೆನ್ಸಿನ ಡಬ್ಬಿಗೆ ಹಾಕಿದ್ದೇನೆ.

ಎರಡು ಪ್ರಶ್ನೆ. ಎಫ್ 16ರಲ್ಲಿ ಫೋಟೋದ ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ಚುಕ್ಕಿ ಇದೆ. ವ್ಯೂಫೈಂಡರಿನಲ್ಲಿ ನೋಡಿದರೆ ಬೇರೆ ಕಡೆ, ಮಧ್ಯದಲ್ಲಿ ಒಂದು ಕೂದಲಿನಂಥದ್ದು ಕಾಣುತ್ತದೆ, ಅದು ಫೋಟೋದಲ್ಲಿ ಇಲ್ಲ. ಇನ್ನೊಂದು, ಎಫ್ 1.8ರಲ್ಲಿ ಮಗಳ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಲೆನ್ಸ್ ಕೆಟ್ಟಿದೆಯಾ?

ರಿಪೇರಿಬೆಂಚು:

ವ್ಯೂಫೈಂಡರಿನಲ್ಲಿ ಕಾಣುವ ಕೂದಲು ಮೇಲಿನ ಫೋಕಸಿಂಗ್ ಸ್ಕ್ರೀನಿನ ಮೇಲಿದೆ. ಫೋಟೋಗೆ ಅದರಿಂದ ಏನೂ ಆಗುವುದಿಲ್ಲ. ಅದನ್ನು ಬಟ್ಟೆಯಿಂದ ಒರೆಸಲು ಹೋಗಬೇಡಿ, ಆ ಸ್ಕ್ರೀನು, ಕೆಳಗಿನ ಕನ್ನಡಿ ಎರಡಕ್ಕೂ ಸುಲಭವಾಗಿ ಗೀರು ಬೀಳುತ್ತದೆ.

ಫೋಟೋದಲ್ಲಿ ಕಾಣುವುದು ಸೆನ್ಸರಿನದ್ದು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಸೆಟಪ್ ಮೆನುವಿನಲ್ಲಿ ಕ್ಲೀನಿಂಗ್‌ಗಾಗಿ ಮಿರರ್ ಎತ್ತಿ ಹಿಡಿಯುವ ಆಯ್ಕೆ ಇದೆ, ಅದನ್ನು ಒತ್ತಿ, ಲೆನ್ಸ್ ಬಿಚ್ಚಿ, ಶಟರ್ ಬಟನ್ ಒತ್ತಿದರೆ ಕನ್ನಡಿ ಮೇಲೆ ಹೋಗಿ ನಿಲ್ಲುತ್ತದೆ. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿಯಿರಿ, ಧೂಳು ಕೆಳಗೆ ಉದುರಲಿ. ಪಂಪಿನ ತುದಿ ಮೌಂಟಿನ ಒಳಗೆ ಹೋಗಬಾರದು. ಫೋಟೋದಲ್ಲಿ ಎಡ ಮೇಲಿನ ಮೂಲೆ ಅಂದರೆ, ಕ್ಯಾಮೆರಾ ನೇರ ಇಟ್ಟು ಮುಂದಿನಿಂದ ನೋಡುವಾಗ ಸೆನ್ಸರಿನ ಎಡ ಕೆಳಗಿನ ಮೂಲೆ. ಅಲ್ಲಿಗೆ ನಾಲ್ಕೈದು ಸಲ ಗಾಳಿ ಹೊಡೆದು ಕ್ಯಾಮೆರಾ ಆಫ್ ಮಾಡಿ, ಕನ್ನಡಿ ಇಳಿಯುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರಿದರೆ ಧೂಳಿಗಿಂತ ಕಷ್ಟ. ಒತ್ತಿ ತುಂಬಿದ ಗಾಳಿಯ ಡಬ್ಬಿಯೂ ಬೇಡ.

ಹೊಸಕಣ್ಣು:

ಒಂದು ಹೋಯಿತು, ಒಂದು ಅಂಟಿಕೊಂಡಿದೆ. ಆದರೆ ಎಫ್ 4 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಅದು ಕಾಣುವುದೇ ಇಲ್ಲ.

ರಿಪೇರಿಬೆಂಚು:

ಹಾಗಾದರೆ ಅದರ ಪಾಡಿಗೆ ಬಿಡಿ. ಜಾಸ್ತಿಯಾದಾಗ ಒದ್ದೆ ಸ್ವಾಬ್ ಹಾಕಿಸಿದರಾಯಿತು.

ಮೂವತ್ತೈದು:

ಕಣ್ಣಿನ ವಿಷಯ. ಲೆನ್ಸ್ ಕೆಟ್ಟಿಲ್ಲ. 35ರಲ್ಲಿ, ಎಫ್ 1.8ರಲ್ಲಿ, ಒಂದು ಮೀಟರ್ ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಐದಾರು ಸೆಂಟಿಮೀಟರ್ ಅಷ್ಟೇ. ಅವಳು ಮುಖ ಓರೆ ಮಾಡಿದರೆ ಆಚೆ ಕಣ್ಣು ಅದರ ಹೊರಗೆ ಹೋಯಿತು.

ಹೀಗೆ ಇಡಿ. ಮೋಡ್ ಡಯಲ್ ಎಗೆ ತಿರುಗಿಸಿ, ಅಪರ್ಚರ್ ಎಫ್ 2.5. ಮೆನುವಿನಲ್ಲಿ ಆಟೋ ಐಎಸ್‌ಒ ಆನ್ ಮಾಡಿ, ಗರಿಷ್ಠ 3200, ಕನಿಷ್ಠ ಶಟರ್ ಸ್ಪೀಡ್ 1/250. ಆಗ ಬೆಳಕು ಇಳಿದರೆ ಕ್ಯಾಮೆರಾ ಮೊದಲು ಐಎಸ್‌ಒ ಏರಿಸುತ್ತದೆ, ಅದೂ ಸಾಲದೆ ಹೋದರೆ ಮಾತ್ರ ಶಟರ್ ಇಳಿಸುತ್ತದೆ. ಲೆನ್ಸಿನ ಪಕ್ಕ, ಬಾಡಿಯ ಮೇಲೆ ಎಎಫ್ ಅಂತ ಬರೆದ ಸ್ವಿಚ್ ಇದೆಯಲ್ಲ, ಅದರ ನಡುವೆ ಒಂದು ಬಟನ್ ಇದೆ. ಅದನ್ನು ಒತ್ತಿ ಹಿಡಿದು ಹಿಂದಿನ ಡಯಲ್ ತಿರುಗಿಸಿ ಎಎಫ್-ಸಿ ಮಾಡಿ, ಮುಂದಿನ ಡಯಲ್ಲಿನಲ್ಲಿ ಒಂದೇ ಪಾಯಿಂಟ್ ಇಟ್ಟುಕೊಳ್ಳಿ. ಹತ್ತಿರದ ಕಣ್ಣಿನ ಮೇಲೆ ಪಾಯಿಂಟ್ ಇಟ್ಟು ಬಟನ್ ಅರ್ಧ ಒತ್ತಿ ಹಿಡಿದಿರಿ. ಅವಳು ಮುಂದೆ ಬರಲಿ, ಹಿಂದೆ ಹೋಗಲಿ, ಆ ಪಾಯಿಂಟ್ ಅವಳ ಮೇಲಿದ್ದಷ್ಟು ಹೊತ್ತು ಫೋಕಸ್ ಜೊತೆಗೇ ಓಡುತ್ತದೆ.

ಹೊಸಕಣ್ಣು:

ಮಾಡಿದೆ. ಎರಡು ಕಣ್ಣೂ ಬಂದವು. 3200ರಲ್ಲಿ ಗ್ರೇನ್ ಇದೆ, ಪ್ರಿಂಟ್ ಹಾಕಿಸಿದರೆ ಗೊತ್ತಾಗುತ್ತದಾ?

ಮೂವತ್ತೈದು:

ಸ್ಕ್ರೀನಿನಲ್ಲಿ ನೂರು ಶೇಕಡಾ ಹಿಗ್ಗಿಸಿ ನೋಡುವುದು ನಿಲ್ಲಿಸಿ, ಎ4ಗೆ ಒಂದು ಹಾಕಿಸಿ ನೋಡಿ. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ರೂಪದಲ್ಲಿ ತೆಗೆದಿದ್ದರೆ ಎನ್‌ಎಕ್ಸ್ ಸ್ಟುಡಿಯೋದಲ್ಲಿ ನಾಯ್ಸ್ ಸ್ವಲ್ಪ ಇಳಿಸಿ, ಜಾಸ್ತಿ ಬೇಡ, ಕೂದಲು ಮೇಣದ ಹಾಗಾಗುತ್ತದೆ.